ಸಾರು ಬಂತು, ಹಪ್ಪಳ ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ರಸಂ ಜೊತೆ ಏನೇನು ಬಡಿಸಬಹುದು ಎಂಬ ಬರಹ ಓದಿದೆ. ಹುರಿದ ಆಲೂಗಡ್ಡೆ, ಆಮೇಲೆ ಮೊಸರನ್ನ, ಕುಡಿಯಲು ತಣ್ಣನೆಯ ನಿಂಬೆ ಸೋಡಾ ಎಂದಿತ್ತು. ಬರೆದವರದ್ದು ತಪ್ಪೆನ್ನಲಾರೆ, ಅದು ತಮಿಳುನಾಡಿನ ಎಲೆ. ಅಲ್ಲಿ ಸಾಂಬಾರು ಮೊದಲು, ರಸಂ ನಂತರ, ಅದರ ಬೆನ್ನಿಗೇ ಮೊಸರು. ನಮ್ಮ ಉಡುಪಿಯಲ್ಲಿ ಎಲೆಗೆ ಅನ್ನ ಬಿದ್ದ ಕೂಡಲೇ ಬರುವುದು ಸಾರು, ಅಂದರೆ ನಮ್ಮ ರಸಂ. ಹುಳಿ ಎಂಬ ನಮ್ಮ ಸಾಂಬಾರು, ಸಿಹಿ-ಹುಳಿ-ಖಾರದ ಗೊಜ್ಜಾದ ಮೆಣಸ್ಕಾಯಿ ಎಲ್ಲ ಆಮೇಲೆ.

ನಾನು 28 ವರ್ಷ ಒಬ್ಬರು ಅಡಿಗೆ ಭಟ್ರ ತಂಡದಲ್ಲಿ ಬಡಿಸುತ್ತಿದ್ದವನು. ಹಸಿದ ಹೊಟ್ಟೆಗೆ ಮೊದಲು ಇಳಿಯುವುದು ಸಾರು. ಹುಣಸೆ, ಬೆಲ್ಲ ಹದವಾಗಿ, ತೆಂಗಿನೆಣ್ಣೆಯಲ್ಲಿ ಹುರಿದ ಕೊತ್ತಂಬರಿ, ಬ್ಯಾಡಗಿ ಮೆಣಸಿನ ಘಮದೊಂದಿಗೆ. ಎಣ್ಣೆ ಕುಡಿದ ಆಲೂಗಡ್ಡೆ ಆಗಲೇ ಬಂದು ಕೂತರೆ ಮುಂದಿನ ಬಗೆಗಳಿಗೆ ಜಾಗ ಎಲ್ಲಿ? ಎಲೆಯ ಮೇಲ್ಭಾಗದಲ್ಲಿ ಮೊದಲೇ ಬಡಿಸಿಟ್ಟ ಹೆಸರುಬೇಳೆ ಕೋಸಂಬರಿ, ಕಾಯಿತುರಿ ಹಾಕಿದ ಅಲಸಂಡೆ ಪಲ್ಯ, ಮಾವಿನ ಮಿಡಿ ಇವೇ ಸಾಕು. ಮತ್ತೆ ಹಪ್ಪಳ.

ಹಪ್ಪಳದ್ದು ರುಚಿಗಿಂತ ಹೊತ್ತಿನ ಪ್ರಶ್ನೆ. ಸಾರಿನ ಬಕೆಟ್ ಐದು ಎಲೆ ಮುಂದೆ ಹೋಗುವಾಗ ಹಪ್ಪಳದ ಬುಟ್ಟಿ ಹೊರಡಬೇಕು ಎಂಬುದು ನಮ್ಮ ಭಟ್ರ ಕಟ್ಟಪ್ಪಣೆ. ಒಮ್ಮೆ ಕಾಪುವಿನ ಒಂದು ಉಪನಯನದಲ್ಲಿ ನೆಂಟರೊಬ್ಬರ ಜೊತೆ ಮಾತಿಗೆ ನಿಂತು, ಹಪ್ಪಳ ಹೋಗುವಾಗ ಹುಳಿ ಬಂದಿತ್ತು. ಭಟ್ರು ಏನೂ ಹೇಳಲಿಲ್ಲ. ಕೊನೆಯ ಪಂಕ್ತಿಯಲ್ಲಿ ನಾನು ಉಣ್ಣಲು ಕೂತಾಗ ನನ್ನ ಎಲೆಗೆ ಮಾತ್ರ ಹಪ್ಪಳ ಬೀಳಲಿಲ್ಲ.

ಅದೂ ಹಲಸಿನ ಹಪ್ಪಳವೇ ಆಗಬೇಕು. ಬೇಸಗೆಯಲ್ಲಿ ಬೆಳೆದ ಕಾಯಿಯ ಸೊಳೆ ಬೇಯಿಸಿ, ರುಬ್ಬಿ, ಚಾಪೆಯ ಮೇಲೆ ಒಣಗಿಸಿದ್ದು. ಉದ್ದಿನ ಹಪ್ಪಳ ಸಾರು ತಗಲಿದೊಡನೆ ಸೋತು ಮಲಗುತ್ತದೆ, ಹಲಸಿನದ್ದು ನಾಲ್ಕು ತುತ್ತಾದರೂ ತಡೆಯುತ್ತದೆ. ಮಳೆಗಾಲದಲ್ಲಿ ಒಂದೆರಡು ಬಾಳ್ಕ ಮೆಣಸು, ಅಂದರೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸು, ಕರಿದಿಟ್ಟರೆ ಇನ್ನೂ ಚೆಂದ. ಮಟ್ಟು ಊರಿನ ಬದನೆ ಮಟ್ಟುಗುಳ್ಳವನ್ನು ಸಾಂಬಾರಿಗೆ ಮಾತ್ರ ಎಂದುಕೊಂಡವರು ಒಮ್ಮೆ ಅದರ ಪೋಡಿ (ಬಜ್ಜಿ) ಮಾಡಿ ಸಾರನ್ನದ ಜೊತೆ ತಿಂದು ನೋಡಲಿ.

ಚಾತುರ್ಮಾಸ್ಯದ ನಾಲ್ಕನೇ ತಿಂಗಳು ದ್ವಿದಳ ವ್ರತ, ಎರಡು ಹೋಳಾಗುವ ಬೇಳೆಕಾಳು ಬಿಡುವ ವ್ರತ. ಆಗ ಬೇಳೆ ಇಲ್ಲದ ಸಾರು. ಹೆಸರುಬೇಳೆಯೂ ದ್ವಿದಳವೇ ಆದ್ದರಿಂದ ಕೋಸಂಬರಿಯೂ ಇಲ್ಲ. ಸುವರ್ಣಗಡ್ಡೆ ಪಲ್ಯ ಇದ್ದರೆ ಆ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ನನ್ನ ಮಾತು ಒಂದು ಬಗೆಯ ಮನೆಗಳದ್ದು ಮಾತ್ರ ಎಂದು ಮೀನುಗಾರರ ಊರು ಮಲ್ಪೆಯ ಗೆಳೆಯರು ನಗುತ್ತಾರೆ. ಅವರಿಗೆ ಸಾರು ಎಂದರೆ ಕುಡುತ್ತ ಸಾರ್, ಅಂದರೆ ಹುರುಳಿಯದ್ದು. ಕುಚ್ಚಲಕ್ಕಿ ಅನ್ನಕ್ಕೆ ಅದನ್ನು ಸುರಿದುಕೊಂಡು ಪಕ್ಕದಲ್ಲಿ ಸುಟ್ಟ ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ದೋಣಿಗಳು ದಡದಲ್ಲಿರುವ 61 ದಿನ ಇದೇ ಗತಿ ಎನ್ನುತ್ತಾರೆ. ಗತಿ ಎನ್ನುವಾಗ ಅವರ ಬಾಯಲ್ಲಿ ನೀರೂರುವುದನ್ನು ಕಂಡಿದ್ದೇನೆ.

ಇನ್ನು ಕುಡಿಯುವುದಕ್ಕೆ. ಸಾರೇ ಕುಡಿಯುವ ವಸ್ತು ಅಲ್ಲವೇ? ಅನ್ನ ಮುಗಿದ ಮೇಲೆ ಹಿರಿಯರು ಬೊಗಸೆಯೊಡ್ಡಿ ‘ಕೈಗೆ ಒಂದು ಸೌಟು’ ಎನ್ನುತ್ತಿದ್ದರು, ಸುಡದಂತೆ ನಿಧಾನ ಹೊಯ್ಯುವುದೇ ನಮ್ಮ ಕೈಚಳಕ. ಜೊತೆಗೆ ಜೀರಿಗೆ ಕುದಿಸಿದ ನೀರಿದ್ದರೆ ಸಾಕು. ಪುನರ್ಪುಳಿ (ಕೋಕಂ) ಶರಬತ್ತು ನನಗೂ ಇಷ್ಟವೇ, ಆದರೆ ಹುಳಿಯ ಮೇಲೆ ಹುಳಿ ಯಾಕೆ? ಮಜ್ಜಿಗೆಗೆ ಊಟದ ಕೊನೆ ಇದ್ದೇ ಇದೆ.

ಈಗಿನ ಬಫೆಯಲ್ಲಿ ನನಗೆ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಬಾಗಿಲ ಬಳಿಯೇ ಸಾರನ್ನು ಕಾಗದದ ಲೋಟಕ್ಕೆ ಹೊಯ್ದು ಸೂಪ್ ಎಂದು ಕೊಡುತ್ತಾರೆ, ಹಪ್ಪಳ ಇಪ್ಪತ್ತು ಹೆಜ್ಜೆ ಆಚೆ ಐಸ್‌ಕ್ರೀಮಿನ ಪಕ್ಕ ಮೆತ್ತಗಾಗಿರುತ್ತದೆ. ಮುಂದಿನ ತಿಂಗಳು ನಮ್ಮ ಮನೆಯಲ್ಲೇ ಮೊಮ್ಮಗಳ ಮದುವೆ. ಬಫೆಯೇ ಎಂದು ಮಕ್ಕಳು ನಿಶ್ಚಯಿಸಿಬಿಟ್ಟಿದ್ದಾರೆ, ನಾನು ಒಪ್ಪಿದ್ದೇನೆ. ಸಾರಿನ ಪಾತ್ರೆಗೆ ತಾಗಿಕೊಂಡೇ ಹಪ್ಪಳದ ಬುಟ್ಟಿ ಇಡಬೇಕೆಂದು ಷರತ್ತು ಹಾಕಿದ್ದೇನೆ. ಅದರ ಹಿಂದೆ ಕುರ್ಚಿ ಹಾಕಿಕೊಂಡು ಕೂರುವವನೂ ನಾನೇ.

– ಹಳೆಯ ಬಡಿಸುವವ, ಪರ್ಕಳ, ಉಡುಪಿ