ಗ್ಯಾಸ್ ಎಂದು ತೀರ್ಮಾನಿಸುವ ಮುನ್ನ

ಆತ್ಮೀಯ ಸದಸ್ಯರೇ,

ರಾಜ್ಯೋತ್ಸವದ ನೃತ್ಯಾಭ್ಯಾಸದ ಬಿಡುವಿನಲ್ಲಿ ಪುಟ್ಟ ಹುಡುಗನೊಬ್ಬ, "ಅಪ್ಪು ಅಷ್ಟೊಂದು ಕಸರತ್ತು ಮಾಡುತ್ತಿದ್ದರಲ್ಲ, ಅವರಿಗೇಕೆ ಹಾರ್ಟ್ ಅಟ್ಯಾಕ್ ಆಯಿತು?" ಎಂದು ಕೇಳಿದಾಗ ಅಲ್ಲಿದ್ದ ಹಿರಿಯರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಅಮೆರಿಕದಲ್ಲಿರುವ ನಮ್ಮನ್ನು ಬೆಳಗಿನ ಜಾವದಲ್ಲಿ ಎಬ್ಬಿಸಿದ್ದು ಎಲ್ಲರಿಗೂ ನೆನಪಿದೆ. ಈ ಸಂಚಿಕೆಗೆ ಬೇರೆ ವಿಷಯವನ್ನು ಹೊಂದಿಸಿಕೊಂಡಿದ್ದೆನಾದರೂ, ಅಚ್ಚಿಗೆ ಕಳುಹಿಸಲು ಒಂದೇ ರಾತ್ರಿ ಉಳಿದಿರುವಾಗ ಹುಡುಗನ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ.

ವ್ಯಾಯಾಮದಿಂದ ಹೃದಯಕ್ಕೆ ಒಳಿತಾಗುತ್ತದೆ, ಸಂದೇಹವಿಲ್ಲ. ಆದರೆ ರಕ್ತನಾಳದೊಳಗೆ ಕೊಬ್ಬು ಕಟ್ಟಿದೆಯೋ ಇಲ್ಲವೋ ಎಂಬುದು ಮೈಕಟ್ಟು ನೋಡಿ ತಿಳಿಯುವ ಸಂಗತಿಯಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು 53ರ ಆಸುಪಾಸಿನಲ್ಲಿ, ಅಂದರೆ ಉಳಿದವರಿಗಿಂತ ಐದಾರು ವರ್ಷ ಮೊದಲೇ ಆಗುವುದು ಕಂಡುಬಂದಿತ್ತು. ನಮ್ಮ ಸಂಘದ ಸದಸ್ಯರಲ್ಲಿ ಎಷ್ಟು ಮಂದಿ ಆ ವಯಸ್ಸಿನ ಹತ್ತಿರವಿದ್ದಾರೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನನ್ನ ದೊಡ್ಡಪ್ಪನವರು ಮಧ್ಯಾಹ್ನ ಮನೆಯಲ್ಲಿ ಉಂಡು ಮಂಡಿಗೆ ನಡೆದುಕೊಂಡೇ ಹಿಂತಿರುಗುತ್ತಿದ್ದರು. ದಾರಿಯಲ್ಲಿ ದರ್ಜಿಯ ಅಂಗಡಿಯ ಮುಂದೆ ನಿಂತು ಮಳೆಯ ಮಾತು, ಮುಂದೆ ಬೀಡಾ ಅಂಗಡಿಯಲ್ಲಿ ಕೊಬ್ಬರಿ ಧಾರಣೆಯ ಮಾತು, ಏರು ಮುಗಿಯುವಲ್ಲಿ ಯಾರೂ ಸಿಗದಿದ್ದರೆ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನು ಓದುತ್ತ ನಿಲ್ಲುವುದು. ದೊಡ್ಡಪ್ಪನವರು ಬಹಳ ಮಾತುಗಾರರು ಎಂದೇ ಊರಿನವರು ಹೇಳುತ್ತಿದ್ದರು. ಊಟವಾದ ಮೇಲೆ ಎದೆ ಹಿಡಿದಂತಾಗುತ್ತದೆ ಎಂದು ಅವರು ಒಮ್ಮೊಮ್ಮೆ ಹೇಳಿದಾಗ ದೊಡ್ಡಮ್ಮ ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯವನ್ನೋ ಇಂಗು ಹಾಕಿದ ಮಜ್ಜಿಗೆಯನ್ನೋ ಕೊಡುತ್ತಿದ್ದರು. ಒಂದು ಪಿತೃಪಕ್ಷದ ಊಟದ ನಂತರ ಅವರಿಗೆ ತಣ್ಣನೆಯ ಬೆವರು ಬಂದು, ಎಡಭುಜ ಮತ್ತು ದವಡೆ ಜಗ್ಗತೊಡಗಿದವು. ಸೋಡಾ ಕುಡಿಸಿದರು, ತೇಗು ಬಂದಿತು, ಮನೆಯವರೆಲ್ಲ ಸಮಾಧಾನಪಟ್ಟು ಮಲಗಿದರು. ಮರುದಿನ ಇಸಿಜಿ ತೆಗೆಸಿ, ಹಾಸನಕ್ಕೆ, ಅಲ್ಲಿಂದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಕಟ್ಟಿದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದರು, ದೊಡ್ಡಪ್ಪ ಬದುಕಿದರು, ಆದರೆ ಮಂಡಿಯವರೆಗೆ ನಡೆಯುವ ಶಕ್ತಿ ಮತ್ತೆ ಬರಲಿಲ್ಲ. ನಡೆದಾಗ ಬಂದು ನಿಂತಾಗ ಹೋಗುತ್ತಿದ್ದ ಆ ಹಿಡಿತವು ಆಂಜೈನಾ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ನೋವು ಆಗಿತ್ತೆಂದೂ, ಹೊಟ್ಟೆ ತುಂಬಿದ್ದಾಗ ಅದು ಹೆಚ್ಚುವುದೂ ಉಂಟೆಂದೂ ವೈದ್ಯರು ವಿವರಿಸಿದಾಗಲೇ ಆ ಪೋಸ್ಟರ್ ಓದುವಿಕೆಯ ಅರ್ಥ ನಮಗಾದದ್ದು.

ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಕುಸಿಯುವುದೊಂದೇ ಲಕ್ಷಣವಲ್ಲ. ಮಹಿಳೆಯರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿರುವವರಲ್ಲಿ ಎದೆನೋವೇ ಇಲ್ಲದೆ ಏದುಸಿರು, ವಾಕರಿಕೆ, ವಿಪರೀತ ಸುಸ್ತು, ಬೆನ್ನು ಅಥವಾ ದವಡೆಯ ನೋವು ಮಾತ್ರ ಕಾಣಿಸಬಹುದು. ನೋವು ಹೊಸದಾಗಿ ಬಂದಿದ್ದರೆ, ಸುಮ್ಮನೆ ಕುಳಿತಿದ್ದಾಗಲೂ ಬಿಡದಿದ್ದರೆ, ಬೆವರು ಜೊತೆಗೂಡಿದರೆ 911ಕ್ಕೆ ಕರೆ ಮಾಡಿ. ಬಿಲ್ಲಿನ ಭಯದಿಂದ ನೀವೇ ಕಾರು ಓಡಿಸಿಕೊಂಡು ಹೋಗಬೇಡಿ. ಆಂಬ್ಯುಲೆನ್ಸ್‌ನಲ್ಲೇ ಇಸಿಜಿ ತೆಗೆದು ಆಸ್ಪತ್ರೆಗೆ ಮುನ್ಸೂಚನೆ ಕೊಡುವ ವ್ಯವಸ್ಥೆ ಇಲ್ಲಿದೆ. ಮೊದಲ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಎದ್ದು ಬರಬಾರದು. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಮಾಡುತ್ತಾರೆ.

ದೊಡ್ಡಪ್ಪನವರಂತೆ ನಡೆದಾಗ ಮಾತ್ರ ಬರುವ ನೋವಿಗೂ ತಡಮಾಡದೆ ವೈದ್ಯರನ್ನು ಕಾಣಬೇಕು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಇಂಥವರಲ್ಲಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಹಾಗಾಗಿ ಎಕೋ (ಹೃದಯದ ಸ್ಕ್ಯಾನ್), ನಡೆಸುತ್ತಲೇ ಇಸಿಜಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ ಅಥವಾ ಹೃದಯದ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಮ್‌ಗಳಲ್ಲಿ ತಮಗೆ ಯಾವುದು ತಕ್ಕದ್ದು ಎಂದು ಕೇಳಿ ತಿಳಿಯಿರಿ. 2025ರ ಜೂನ್-ಜುಲೈನಲ್ಲಿ ಹಾಸನದಿಂದ ಒಂದರ ಮೇಲೊಂದು ಬಂದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜಯದೇವದ ಮುಂದೆ ಜನ ಸಾಲುಗಟ್ಟಿದಂತೆ ಹೆದರಿ ಓಡುವುದೂ ಬೇಡ, ಲಕ್ಷಣವಿದ್ದೂ ಕಷಾಯ ಕುಡಿದು ಕೂರುವುದೂ ಬೇಡ.

ಊರಿನಿಂದ ಬಂದಿರುವ ತಂದೆತಾಯಿಯರ ಬಗ್ಗೆ ನನಗೆ ಹೆಚ್ಚು ಚಿಂತೆ. ಮಕ್ಕಳಿಗೆ ಖರ್ಚಾದೀತೆಂದು ಅವರು ನೋವನ್ನು ನುಂಗುತ್ತಾರೆ, ಪ್ರವಾಸಿ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ರಕ್ಷಣೆಯಿಲ್ಲವೆಂಬುದೂ ಅವರಿಗೆ ಗೊತ್ತು. ಆದರೆ ತುರ್ತು ವಿಭಾಗಕ್ಕೆ ಬಂದವರನ್ನು ವಿಮೆ ಇರಲಿ ಬಿಡಲಿ ಪರೀಕ್ಷಿಸಿ, ಅಪಾಯದಿಂದ ಪಾರುಮಾಡಲು ಯತ್ನಿಸಲೇಬೇಕೆಂಬ ಕಾನೂನು 1986ರಿಂದಲೂ ಈ ದೇಶದಲ್ಲಿದೆ. ಬಿಲ್ಲು ಆಮೇಲೆ ಬರುತ್ತದೆ, ಬರಲಿ. ಅವರ ಮಾತ್ರೆಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಹಿಮ ಬೀಳತೊಡಗಿದಾಗ ಸಲಿಕೆ ಹಿಡಿದು ಹೊರಡುವ ಮಾವನವರನ್ನು ದಯವಿಟ್ಟು ತಡೆಯಿರಿ. ಚಳಿ ಮತ್ತು ದಿಢೀರ್ ಶ್ರಮ ಎರಡೂ ಸೇರಿ ಹೃದಯಕ್ಕೆ ಬಲು ಭಾರ.

ಇನ್ನು ಸೂಚನೆಗಳು: ರಾಜ್ಯೋತ್ಸವದ ದಿನ ಧ್ವಜಾರೋಹಣಕ್ಕೆ ಮೊದಲು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಮಾಡುವ ಉಪಚಾರ) ಮತ್ತು ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಬಳಕೆಯ ಅಭ್ಯಾಸವಿರುತ್ತದೆ, ಹದಿಹರೆಯದ ಮಕ್ಕಳನ್ನೂ ಕರೆತನ್ನಿ, ಊಟದ ಕೂಪನ್ನುಗಳು ಬಾಗಿಲಲ್ಲಿ ಸಿಗುವುದಿಲ್ಲ, ಮುಂಚೆಯೇ ಕಾಯ್ದಿರಿಸಿ, ಕನ್ನಡ ಶಾಲೆಗೆ ಆ ವಾರ ರಜೆ. ಅಭ್ಯಾಸ ನಡೆಸಿಕೊಡಲು ನಮ್ಮಲ್ಲಿರುವ ವೈದ್ಯರು, ದಾದಿಯರು ಇನ್ನೂ ಇಬ್ಬರಾದರೂ ಬೇಕು. ಮುಂದಿನ ಸಂಚಿಕೆಯ ಕರಡು ತಿದ್ದಲು ಯಾರಾದರೂ ಒಬ್ಬರು ಕೈಜೋಡಿಸಿದರೆ ಈ ಸಂಪಾದಕನೂ ತಾನು ಎರಡು ವರ್ಷಗಳಿಂದ ಮುಂದೂಡಿರುವ ಕೊಲೆಸ್ಟರಾಲ್ ಪರೀಕ್ಷೆಗೆ ಬಿಡುವು ಮಾಡಿಕೊಂಡಾನು.

— ಸಂಪಾದಕ