ಬಾವಿಯ ಪಾಠದಲ್ಲಿ ಸರಪಳಿಯನ್ನೂ ಬರೆಸಿ: ಪಶ್ಚಿಮ ಆಸ್ಟ್ರೇಲಿಯಾದ ಪ್ರೀಮಿಯರ್‌ಗೆ ಬಹಿರಂಗ ಪತ್ರ

ಮಾನ್ಯ ಪ್ರೀಮಿಯರ್ ಅವರೇ, ನಮಸ್ಕಾರ.

ಪರ್ತ್‌ನಲ್ಲಿ ನೆಲೆಸಿರುವ ಕನ್ನಡತಿ ನಾನು. ಇಷ್ಟು ವರ್ಷ ಸುಮ್ಮನಿದ್ದೆ, ಇನ್ನು ಆಗಲ್ಲ. ಮಗಳ ಶಾಲೆಯಲ್ಲಿ ಕ್ಯಾನಿಂಗ್ ಸ್ಟಾಕ್ ರೂಟ್ ಬಗ್ಗೆ, ಅಂದರೆ ಮರುಭೂಮಿ ದಾಟಿ ದನ ಹೊಡೆದುಕೊಂಡು ಬರುತ್ತಿದ್ದ ಹಳೆಯ ದಾರಿಯ ಬಗ್ಗೆ, ಒಂದು ಹಾಳೆ ಕೊಟ್ಟರು. ಒಂಟೆಗಳ ಸಾಲು, ವಿಲುನಾದಿಂದ ಹಾಲ್ಸ್ ಕ್ರೀಕ್‌ವರೆಗೆ ಚುಕ್ಕಿ ಗೆರೆ, ಬಣ್ಣ ತುಂಬಲು ಬಾವಿಗಳ ಚಿತ್ರ. ಕೆಳಗೆ ಪ್ರಶ್ನೆ: "ಮರುಭೂಮಿಯಲ್ಲಿ ನೀರು ಕಂಡುಹಿಡಿದವರು ಯಾರು?" ಮಗಳು "ಮಾರ್ಟು ಜನ" ಅಂತ, ಅಲ್ಲಿನ ಮೂಲನಿವಾಸಿಗಳ ಹೆಸರು ಬರೆದಳು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ "ಕ್ಯಾನಿಂಗ್" ಎಂದು ಬರೆದು ಕಳಿಸಿದರು. ಹೋಗಿ ಕೇಳಿದರೆ, "ಚಿಕ್ಕ ಮಕ್ಕಳಿಗೆ ಅದೆಲ್ಲ ಯಾಕೆ?" ಅಂದರು. ಆ ಸಂಜೆ ಅವಳು ಊಟಕ್ಕೇ ಬರಲಿಲ್ಲ. "ಅಮ್ಮ, ನಾನು ಬರೆದಿದ್ದು ಸರಿ ಅಲ್ವಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದಳು.

ಸರಿಯಾಗಿಯೇ ಬರೆದಿದ್ದಾಳೆ ಸರ್. ಅದು ನಿಮಗೂ ಗೊತ್ತು. 1906ರಲ್ಲಿ ಸರ್ವೇಯರ್ ಆಲ್ಫ್ರೆಡ್ ಕ್ಯಾನಿಂಗ್ ದನ ಹೊಡೆದುಕೊಂಡು ಬರುವ ದಾರಿ ಹುಡುಕಲು ಹೊರಟಾಗ ಜೊತೆಗೆ ಸರಪಳಿ ಒಯ್ದರು. ಮೂಲನಿವಾಸಿಗಳನ್ನು ಹಿಡಿದು, ಕಟ್ಟಿ, ನೀರು ತೋರಿಸಿ ಅಂತ ನಡೆಸಿದರು. ತಂಡದ ಅಡುಗೆಯವರಾಗಿದ್ದ ಎಡ್ವರ್ಡ್ ಬ್ಲೇಕ್ ದೂರು ಕೊಟ್ಟರು. 1908ರಲ್ಲಿ ರಾಯಲ್ ಕಮಿಷನ್, ಅಂದರೆ ಸರ್ಕಾರದ ತನಿಖಾ ಆಯೋಗ, ಕೂತಿತು. ಸರಪಳಿ ಹಾಕಿದ್ದನ್ನು ಕ್ಯಾನಿಂಗ್ ಒಪ್ಪಿಕೊಂಡರು. ಆದರೂ ತಪ್ಪಿಲ್ಲ ಅಂತ ತೀರ್ಮಾನಿಸಿ, ಅದೇ ವರ್ಷ ಅವರನ್ನೇ ಬಾವಿ ತೋಡಿಸಲು ಕಳಿಸಿದರು! ಪಾಠದಲ್ಲಿ ಇದನ್ನು ಬರೆಸಿ.

1910ರ ಹೊತ್ತಿಗೆ 51 ಬಾವಿಗಳಾದವು. ಎಷ್ಟೋ ಬಾವಿಗಳನ್ನು ತೋಡಿದ್ದು ಆ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಒರತೆಗಳ ಮೇಲೇ. ದನಕ್ಕೆ ನೀರೆತ್ತಲು ಇಟ್ಟ ರಾಟೆ, ಬಕೆಟ್‌ಗಳು ತುಂಬ ಭಾರ. ಅವನ್ನು ಎತ್ತಲಾಗದೆ ಬಾವಿಗೆ ಇಳಿಯಲು ಹೋಗಿ ಆ ಜನರಲ್ಲಿ ಬಿದ್ದವರಿದ್ದಾರೆ, ಸತ್ತವರಿದ್ದಾರೆ. ತಮ್ಮದೇ ನೀರು ಕುಡಿಯಲು ಹೋಗಿ! ಕ್ಯಾನಿಂಗ್ ಒಬ್ಬರೇ ಹೀಗೆ ಮಾಡಿದ್ದೂ ಅಲ್ಲ. 1896ರಲ್ಲಿ ಇದೇ ಮರುಭೂಮಿ ದಾಟಲು ಹೊರಟ ಅನ್ವೇಷಕ ಡೇವಿಡ್ ಕಾರ್ನೆಗಿ, ಹಿಡಿದವರಿಗೆ ಉಪ್ಪುಮಾಂಸ ತಿನ್ನಿಸಿ, ಬಾಯಾರಿಸಿ ನೀರಿನ ಜಾಗ ಹೇಳಿಸಿದ್ದರು.

2020ರಲ್ಲಿ ಆ ದಾರಿಯ ಪಕ್ಕದ ಉಪ್ಪುಸರೋವರ ಲೇಕ್ ಡಿಸಪಾಯಿಂಟ್‌ಮೆಂಟ್‌ಗೆ ಕುಂಪುಪಿಂಟಿಲ್ ಅನ್ನುವ ಮಾರ್ಟು ಹೆಸರು ವಾಪಸ್ ಬಂತು. ನಕ್ಷೆ ತಿದ್ದಲು ಆಗುತ್ತದೆ, ಮಕ್ಕಳ ಕೈಗೆ ಕೊಡುವ ಒಂದು ಹಾಳೆ ತಿದ್ದಲು ಯಾಕೆ ಆಗಲ್ಲ? ಇಂಥ ಪಾಠಗಳಲ್ಲಿ ಸರಪಳಿಯನ್ನು ಬರೆಸಿ. ಬ್ಲೇಕ್ ಕೊಟ್ಟ ದೂರನ್ನು ಬರೆಸಿ. ನೀರು ತೋರಿಸಿದವರು ಯಾರು ಅಂತ ಬರೆಸಿ. ಮುಂದಿನ ವರ್ಷ ಇದೇ ಹಾಳೆ ಇನ್ನೊಂದು ಮಗುವಿನ ಕೈಗೆ ಹೋಗುವ ಮೊದಲೇ ಬರೆಸಿ. ನಿಮ್ಮ ಉತ್ತರ ಬೇಕು ಸರ್, ಪತ್ರ ತಲುಪಿದೆ ಅನ್ನುವ ಒಂದು ಸಾಲು ಸಾಲದು.

ಇಂತಿ,
ಪರ್ತ್‌ನ ಒಬ್ಬ ತಾಯಿ