ಮರಿ ಮಣ್ಣು ಕೆದರಿದ್ರೆ ಹೊಡೀಬೇಡಿ

ಸಂಪಾದಕರೇ,

ನಮ್ಮನೆ ಮುಧೋಳ ನಾಯಿಮರಿಗೆ ಈಗ 4 ತಿಂಗಳು, ಹಿತ್ತಲಿನ ಕನಕಾಂಬರದ ಪಾತಿ ಎಲ್ಲಾ ಕೆದರಿ ಮೂಗಿನ ತುದಿಗೆ ಕೆಮ್ಮಣ್ಣು ಮೆತ್ಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತೆ. ಎರಡು ಏಟು ಹಾಕಿ ಅಂತಾರೆ ಅಕ್ಕಪಕ್ಕದವ್ರು. ದಯವಿಟ್ಟು ಯಾರೂ ಹಾಗ್ ಮಾಡ್ಬೇಡಿ, ಪ್ರಾಣಿಗಳನ್ನ ಹೊಡೆಯೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರನೂ ತಪ್ಪು. ಬೇಟೆ ತಳಿ ಅದು, ಓಡೋಕೆ ಬಿಡ್ದೆ ದಿನವಿಡೀ ಕಟ್ಟಾಕಿದ್ರೆ ಬೇಜಾರಿಗೆ ಗುಂಡಿ ತೋಡುತ್ತೆ, ಬಿಸಿಲು ಜಾಸ್ತಿಯಾದ್ರೆ ತಂಪು ಮಣ್ಣಲ್ಲಿ ಮಲಗೋಕೂ ತೋಡುತ್ತೆ. ನಾವು ಬೆಳಿಗ್ಗೆ ಸಂಜೆ ಓಡಾಡಿಸಿ, ಮಾವಿನ ಮರದ ನೆರಳಲ್ಲಿ ಒಂದಿಷ್ಟು ಮರಳು ಸುರಿದು ಅದ್ರೊಳಗೆ ಅದರ ಚೆಂಡು ಹೂತಿಡ್ತೀವಿ, ಅಲ್ಲಿ ಕೆದರಿದ್ರೆ ಭೇಷ್ ಅಂತ ಬೇಯಿಸಿದ ಮೊಟ್ಟೆ ಚೂರು ಕೊಡ್ತೀವಿ. ಈಗ ಕನಕಾಂಬರ ಮತ್ತೆ ಚಿಗುರ್ತಾ ಇದೆ.

– ಒಬ್ಬ ಓದುಗ, ಮೈಸೂರು